ಲಸಿಕೆ ಬೇಡ ಅನ್ನುವ ಮನೆಗೆ ಹೋಗುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರ್‌ಗಳು, ಪಂಚಾಯಿತಿ ಸದಸ್ಯರು, ಸ್ತ್ರೀಶಕ್ತಿ ಸಂಘದವರು, ಹೀಗೆ ಹಳ್ಳಿಯಲ್ಲಿ ಮನೆಮನೆಗೆ ಹೋಗಿ ಲಸಿಕೆ ಬಗ್ಗೆ ಮಾತಾಡುವವರಿಗಾಗಿ ಇದನ್ನು ಬರೆದಿದ್ದೇವೆ. ಲಸಿಕೆ ದೇಹದೊಳಗೆ ಏನು ಮಾಡುತ್ತದೆ ಅನ್ನೋದು ಕೈಪಿಡಿಯಲ್ಲಿ ಸಿಗುತ್ತದೆ. ಬಾಗಿಲಲ್ಲಿ ನಿಂತ ಅಜ್ಜಿ "ಬ್ಯಾಡವ್ವ, ಹೋಗು" ಅಂದಾಗ ಏನು ಮಾಡಬೇಕು ಅನ್ನೋದು ಅಲ್ಲಿ ಸಿಗುವುದಿಲ್ಲ.

ಜನ ಲಸಿಕೆ ಬೇಡ ಅನ್ನೋದು ತಿಳಿವಳಿಕೆ ಇಲ್ಲದ್ದಕ್ಕೆ ತಾನೆ?

ಅಪರೂಪಕ್ಕೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ಕರ್ನಾಟಕದಲ್ಲಿ ಒಂದರಿಂದ ಎರಡು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 84 ಮಕ್ಕಳಿಗೆ ಮೂಲ ಲಸಿಕೆಗಳೆಲ್ಲ ಸಿಕ್ಕಿದ್ದವು. ಉಳಿದ ಹದಿನಾರು ಮಕ್ಕಳ ಮನೆಯವರೆಲ್ಲ ಬೇಡ ಅಂದವರು ಅಂದುಕೊಳ್ಳಬೇಡಿ. ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೋ ಮುಂಬೈಗೋ ಗುಳೆ ಹೋದವರು ಅದರಲ್ಲಿರುತ್ತಾರೆ. ಕಬ್ಬು ಕಡಿಯಲು ಗಾಡಿ ಹತ್ತಿದವರು ಇರುತ್ತಾರೆ. ಲಸಿಕೆ ದಿನವೇ ಮಗುವಿಗೆ ನೆಗಡಿ ಬಂದು ವಾಪಸ್ ಹೋದವರು, ಎರಡು ಗಂಟೆ ಕಾದು ಕೊನೆಗೆ ಬೈಸಿಕೊಂಡು ಬಂದವರು ಇರುತ್ತಾರೆ. ನಿಜವಾಗಿ ಬೇಡ ಅನ್ನುವವರು ಕಡಿಮೆ. ಅವರಲ್ಲೂ ಒಂದೊಂದು ಮನೆಗೆ ಒಂದೊಂದು ಕಾರಣ.

ಹಾಗಾಗಿ ಇಡೀ ಊರಿಗೆ ಒಂದೇ ಭಾಷಣ ಮಾಡಿದರೆ ಯಾರ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ಬೇಡ ಅನ್ನುವವರ ಪಟ್ಟಿ ಹಿಡಿದು ಎದುರಿಗೆ ಕಾರಣ ಬರೆದುಕೊಳ್ಳಿ. 'ತಿಳಿವಳಿಕೆ ಇಲ್ಲ' ಅಂತ ಬರೆಯಬೇಡಿ, ಅದು ಕಾರಣ ಅಲ್ಲ.

ಮನೆಗೆ ಹೋದಾಗ ಮೊದಲ ಮಾತು ಏನಿರಬೇಕು?

ಲಸಿಕೆಯ ಮಾತಂತೂ ಬೇಡ. ಬಾಣಂತಿಯ ಊಟ, ಮಗುವಿನ ನಿದ್ದೆ, ಮಳೆ ಬೆಳೆ ವಿಚಾರಿಸಿ. ಆಮೇಲೆ ಒಂದು ಪ್ರಶ್ನೆ ಕೇಳಿ: "ಹೋದ ಸಲ ಸೂಜಿ ಹಾಕಿಸಿದಾಗ ಏನಾಯ್ತು?" ಮೊದಲ ಮಗು ಆಗಿದ್ದರೆ "ನಿಮ್ಮ ಮನೇಲಿ ಯಾರಿಗಾದ್ರೂ ಸೂಜಿಯಿಂದ ತೊಂದರೆ ಆಗಿತ್ತಾ?" ಅನ್ನಿ. ಕೇಳಿ ಸುಮ್ಮನಿರಿ. ಈ ಸುಮ್ಮನಿರೋದೇ ಕಷ್ಟ. ತರಬೇತಿಯಲ್ಲಿ ಕಲಿತದ್ದೆಲ್ಲ ಬಾಯಿಗೆ ಬರುತ್ತಾ ಇರುತ್ತದೆ!

ಜ್ವರ ಬರುತ್ತದೆ ಅಂತ ಮೊದಲೇ ಹೇಳಿದರೆ ಹೆದರಿ ಬರೋದೇ ಇಲ್ಲ ಅಲ್ವಾ?

ಉಲ್ಟಾ. ಹೇಳದೆ ಇದ್ದರೇನೇ ಎರಡನೇ ಸಲ ಬರುವುದಿಲ್ಲ. ಇದೊಂದು ಉತ್ತರ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳದೆ ಓದಿ. ನಾವು ನೋಡಿದ ಹೆಚ್ಚಿನ ಮನೆಗಳಲ್ಲಿ ಗಂಟು ಬಿದ್ದಿರುವುದು ಇಲ್ಲೇ.

ಆರು ವಾರಕ್ಕೆ ಶುರುವಾಗುವ ಪೆಂಟಾವೇಲೆಂಟ್ ಲಸಿಕೆ ಐದು ರೋಗಗಳಿಗೆ ತಡೆ: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ಮಕ್ಕಳಿಗೆ ನ್ಯುಮೋನಿಯಾ, ಮೆದುಳುಜ್ವರ ತರುವ ರೋಗಾಣು). ಇದರಲ್ಲಿರುವ ನಾಯಿಕೆಮ್ಮಿನ ಅಂಶದಿಂದ ಬಹಳ ಮಕ್ಕಳಿಗೆ ಜ್ವರ ಬರುತ್ತದೆ, ತೊಡೆ ಊದಿಕೊಳ್ಳುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ವೈದ್ಯರ ಲೆಕ್ಕದಲ್ಲಿ ಇದು ಸಣ್ಣ ವಿಷಯ.

ಮನೆಯ ಲೆಕ್ಕ ಬೇರೆ. ಮಗು ರಾತ್ರಿಯೆಲ್ಲ ಅಳುತ್ತದೆ. ಬೆಳಗ್ಗೆ ಹತ್ತಿ ಬಿಡಿಸಲು ಹೋಗಬೇಕಾದ ತಾಯಿ ಹೋಗುವುದಿಲ್ಲ, ಆ ದಿನದ ಕೂಲಿ ಹೋಯಿತು. ಗಂಡ ಗದರುತ್ತಾನೆ: "ಚಲೋ ಇದ್ದ ಕೂಸಿನ್ನ ಯಾಕ ಚುಚ್ಚಿಸ್ಕೊಂಡು ಬಂದಿ?" ಅತ್ತೆ ಮಾತಾಡುವುದಿಲ್ಲ, ಅದು ಇನ್ನೂ ಕಷ್ಟ. ಲಸಿಕೆ ಕೊಟ್ಟ ಸಿಸ್ಟರ್ ಸಂಜೆ ಬಸ್ಸಿಗೆ ಊರಿಗೆ ಹೋಗಿರುತ್ತಾರೆ. ಬೈಗುಳ ಕೇಳಲು ಉಳಿದವಳು ತಾಯಿ ಒಬ್ಬಳೇ. ಮುಂದಿನ ಸಲ ನೀವು ಹೋದಾಗ ಅವಳು "ಕೂಸು ತವರುಮನ್ಯಾಗೈತ್ರಿ" ಅನ್ನುತ್ತಾಳೆ. ಒಳಗೆ ತೊಟ್ಟಿಲು ತೂಗುವ ಸದ್ದು ನಿಮಗೆ ಕೇಳಿಸುತ್ತಾ ಇರುತ್ತದೆ. ನಮ್ಮ ವರದಿಯಲ್ಲಿ ಇದು 'ಹಿಂಜರಿಕೆ' ಅಂತ ದಾಖಲಾಗುತ್ತದೆ.

ಲಸಿಕೆ ಕೊಟ್ಟ ಮೇಲೆ ತಪ್ಪದೆ ನಾಲ್ಕು ಮಾತು ಹೇಳಬೇಕು ಅನ್ನೋದು ಎಲ್ಲರಿಗೂ ಗೊತ್ತಿರುವ ನಿಯಮ: ಒಂದು, ಯಾವ ಲಸಿಕೆ, ಯಾವ ರೋಗಕ್ಕೆ; ಎರಡು, ಏನು ತೊಂದರೆ ಆಗಬಹುದು, ಆದರೆ ಏನು ಮಾಡಬೇಕು; ಮೂರು, ಮತ್ತೆ ಯಾವಾಗ ಬರಬೇಕು; ನಾಲ್ಕು, ತಾಯಿ ಕಾರ್ಡ್ ಜೋಪಾನ. ಗದ್ದಲದಲ್ಲಿ ಎರಡನೆಯದೇ ಬಿಟ್ಟುಹೋಗುತ್ತದೆ. ಅದನ್ನು ಹಿಂದಿನ ದಿನವೇ ಮನೆಯಲ್ಲಿ, ಅತ್ತೆ ಮತ್ತು ಗಂಡನ ಎದುರಿಗೆ ಹೇಳಿ. "ನಾಳೆ ಸಂಜೆ ಮೈ ಬಿಸಿ ಆಗಬಹುದು, ಅಳಬಹುದು. ಸಿಸ್ಟರ್ ಕೊಟ್ಟ ಪ್ಯಾರಾಸಿಟಮಾಲ್ ಅವರು ಹೇಳಿದಷ್ಟೇ ಹಾಕಿ. ಎದೆಹಾಲು ನಿಲ್ಲಿಸಬೇಡಿ. ಊದಿದ ಕಡೆ ತಣ್ಣೀರ ಬಟ್ಟೆ ಇಡಿ. ಸುಣ್ಣ, ಅರಿಶಿನ ಹಚ್ಚಬೇಡಿ, ಉಜ್ಜಬೇಡಿ." ಮಾರನೇ ದಿನ ಜ್ವರ ಬಂದರೆ ಮನೆಯವರು ಬೈಯೋದಿಲ್ಲ, "ಆಶಾ ಅಕ್ಕ ಹೇಳಿದ್ರಲ್ಲ" ಅನ್ನುತ್ತಾರೆ. ಅದೇ ಜ್ವರ, ಆದರೆ ನಿಮ್ಮ ಮಾತು ನಿಜವಾಯಿತು.

ಮಾರನೇ ಬೆಳಗ್ಗೆ ಆ ಮನೆ ಕಡೆ ಒಮ್ಮೆ ಹೋಗಿಬನ್ನಿ, ಆಗದಿದ್ದರೆ ಫೋನ್ ಮಾಡಿ. ಹತ್ತು ಪೋಸ್ಟರ್ ಅಂಟಿಸುವುದಕ್ಕಿಂತ ಇದು ಮೇಲು ಅಂತ ನನ್ನ ಅನಿಸಿಕೆ. ಜ್ವರ ಇಳಿಯದೆ ಏರುತ್ತಿದ್ದರೆ, ಮೂರು ಗಂಟೆ ದಾಟಿದರೂ ಅಳು ನಿಲ್ಲದಿದ್ದರೆ, ಫಿಟ್ಸ್ ಬಂದರೆ, ಉಸಿರಾಟಕ್ಕೆ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನೊಂದು. "ಜ್ವರ ಬಂದರೆ ಲಸಿಕೆ ಹತ್ತಿದೆ ಅಂತ ಅರ್ಥ" ಅನ್ನುವ ಸಮಾಧಾನದ ಮಾತು ನಮ್ಮಲ್ಲಿ ಜಾಸ್ತಿ. ಬೇಡ. ಜ್ವರ ಬಾರದ ಮಗುವಿನ ತಾಯಿ ಆಗ ಬೇರೆ ಚಿಂತೆಗೆ ಬೀಳುತ್ತಾಳೆ. ಬಂದರೂ ಬರದಿದ್ದರೂ ಲಸಿಕೆ ಕೆಲಸ ಮಾಡುತ್ತದೆ.

ಖಾಸಗಿ ಆಸ್ಪತ್ರೆಯಲ್ಲಿ ನೋವಿಲ್ಲದ ಇಂಜೆಕ್ಷನ್ ಇದೆಯಂತೆ. ಸರ್ಕಾರದ್ದು ಕಳಪೆನಾ?

ಕಳಪೆ ಅಲ್ಲ. ಸರ್ಕಾರಿ ಲಸಿಕೆಯಲ್ಲಿ ನಾಯಿಕೆಮ್ಮಿನ ಇಡೀ ರೋಗಾಣುವನ್ನು ಸಾಯಿಸಿ ಹಾಕಿರುತ್ತಾರೆ. ದುಡ್ಡು ಕೊಟ್ಟು ಹಾಕಿಸುವ 'ನೋವಿಲ್ಲದ' ಲಸಿಕೆಯಲ್ಲಿ ಅದರ ಕೆಲವು ತುಣುಕು ಮಾತ್ರ ಇರುತ್ತದೆ, ಅದಕ್ಕೇ ಜ್ವರ ಕಡಿಮೆ. ರಕ್ಷಣೆ ಹೆಚ್ಚು ಕಾಲ ಬಾಳುವುದು ಇಡೀ ರೋಗಾಣುವಿನದೇ. ಇಷ್ಟು ಹೇಳಿದರೆ ಸಾಕು. ಖಾಸಗಿಯಲ್ಲಿ ಹಾಕಿಸುವವರನ್ನು ಹಂಗಿಸಬೇಡಿ, ಮಗುವಿಗೆ ಲಸಿಕೆ ಬಿತ್ತಲ್ಲ.

"ಇಷ್ಟು ಸಣ್ಣ ಕೂಸಿಗೆ ಒಂದೇ ದಿನ ಮೂರು ಸೂಜಿನಾ?" ಅಂತಾರೆ.

ಹೌದು, ಆರು ವಾರಕ್ಕೆ ಪೆಂಟಾವೇಲೆಂಟ್, ಪಿಸಿವಿ (ನ್ಯುಮೋನಿಯಾ ತಡೆಯುವ ಲಸಿಕೆ), ಪೋಲಿಯೊ ಚುಚ್ಚುಮದ್ದು ಸೇರಿ ಮೂರು ಸೂಜಿ. ಜೊತೆಗೆ ಪೋಲಿಯೊ ಮತ್ತು ಬೇಧಿ ತಡೆಯುವ ರೋಟಾವೈರಸ್ ಲಸಿಕೆ ಬಾಯಿಗೆ. ನೋಡಿದವರಿಗೆ ಕರುಳು ಚುರ್ ಅನ್ನುತ್ತದೆ, ಅದನ್ನು ಒಪ್ಪಿಕೊಳ್ಳಿ. ಮೂರು ಬೇರೆ ಬೇರೆ ದಿನ ಮಾಡಿದರೆ ಮೂರು ದಿನದ ಕೂಲಿ, ಮೂರು ರಾತ್ರಿಯ ಅಳು. ಈ ಲೆಕ್ಕ ಅಜ್ಜಿಯರಿಗೆ ಕೂಡಲೇ ಅರ್ಥವಾಗುತ್ತದೆ. ಮಗುವಿಗೆ ಹಾಲು ಕುಡಿಸುತ್ತಾ ಸೂಜಿ ಹಾಕಿಸಿದರೆ ಅಳು ಕಡಿಮೆ.

ತಾಯಿ ಒಪ್ಪುತ್ತಾಳೆ, ಆದರೂ ಮಗುವನ್ನು ಕರೆತರುವುದಿಲ್ಲ. ಯಾಕೆ?

ತೀರ್ಮಾನ ಅವಳದಲ್ಲ ಅಂತ ಅರ್ಥ. ಕೆಲವು ಮನೆಯಲ್ಲಿ ಅತ್ತೆ, ಕೆಲವು ಕಡೆ ಮಾವ, ಇನ್ನು ಕೆಲವು ಕಡೆ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋದ ಗಂಡ. ಅವನು ರಾತ್ರಿ ಎಂಟಕ್ಕೆ ಫೋನ್ ಮಾಡುತ್ತಾನೆ. ಹಾಗಿದ್ದರೆ ರಾತ್ರಿ ಎಂಟಕ್ಕೆ ನೀವೂ ಆ ಜಗುಲಿಯಲ್ಲಿ ಕೂತಿರಿ, ಸ್ಪೀಕರ್‌ಗೆ ಹಾಕಿಸಿ ಮಾತಾಡಿ.

ತವರುಮನೆ ವಿಷಯ ಇನ್ನೊಂದು. ಚೊಚ್ಚಲ ಹೆರಿಗೆ ತವರಲ್ಲಿ. ಬಾಣಂತಿ ಮೂರು ತಿಂಗಳೋ ಐದು ತಿಂಗಳೋ ಅಲ್ಲೇ ಇರುತ್ತಾಳೆ. ಆರು, ಹತ್ತು, ಹದಿನಾಲ್ಕು ವಾರದ ಮೂರೂ ಸುತ್ತು ಬೀಳಬೇಕಾದ್ದು ಅಷ್ಟರೊಳಗೇ. ಹೆಸರು ಗಂಡನ ಊರಿನ ಪುಸ್ತಕದಲ್ಲಿ, ಮಗು ತವರಿನಲ್ಲಿ. ಇಲ್ಲಿಯ ಆಶಾ "ಅಲ್ಲಿ ಹಾಕಿಸಿರ್ತಾರೆ" ಅಂದುಕೊಳ್ಳುತ್ತಾರೆ, ಅಲ್ಲಿಯವರು "ನಮ್ಮ ಪಟ್ಟಿಯಲ್ಲಿಲ್ಲ" ಅನ್ನುತ್ತಾರೆ. ಇದರಲ್ಲಿ ಯಾರ ಹಿಂಜರಿಕೆಯೂ ಇಲ್ಲ. ಬಸುರಿ ಇರುವಾಗಲೇ ತವರೂರಿನ ಆಶಾ ಅವರ ನಂಬರ್ ಬರೆದಿಟ್ಟುಕೊಳ್ಳಿ. ತಾಯಿ ಕಾರ್ಡ್ ಇದ್ದರೆ ಯಾವ ಊರಲ್ಲಾದರೂ ಲಸಿಕೆ ಕೊಡಬೇಕು, ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲಿ ಹೆಸರಿದ್ದರೆ ಹುಡುಕುವುದೂ ಸುಲಭ.

ದಡಾರ ಅಂದರೆ ಅಮ್ಮ ಬಂದಳು ಅಂತ ನಂಬುವವರಿಗೆ ಏನು ಹೇಳುವುದು?

ನಂಬಿಕೆ ಜೊತೆ ಜಗಳಕ್ಕೆ ಹೋಗಬೇಡಿ. ಉತ್ತರ ಕರ್ನಾಟಕದಲ್ಲಿ ಗೊಬ್ಬರ ಅನ್ನುವುದೂ ಇದನ್ನೇ. ನಿಮ್ಮ ಊರಿನ ಹೆಸರು ಹಿಡಿದೇ ಮಾತಾಡಿ. ಬೇವಿನ ಸೊಪ್ಪು ಕಟ್ಟಲಿ, ಮಾರಮ್ಮನಿಗೆ ತಂಪು ಮಾಡಲಿ. ಮಗುವಿಗೆ ಊಟ, ಹಾಲು ಬಿಡಿಸಬೇಡಿ, ವಿಟಮಿನ್ ಎ ಹಾಕಿಸಿ, ಉಸಿರು ಜೋರಾದರೆ ಆಸ್ಪತ್ರೆಗೆ ಬನ್ನಿ ಅನ್ನಿ. ದಡಾರ ಬಂದ ಒಂದು ಮಗುವಿನಿಂದ, ಲಸಿಕೆ ಇಲ್ಲದ ಕಡೆ, ಹನ್ನೆರಡರಿಂದ ಹದಿನೆಂಟು ಜನಕ್ಕೆ ಹರಡಬಹುದು. ಅದಕ್ಕೇ ನೂರರಲ್ಲಿ 95 ಮಕ್ಕಳಿಗಾದರೂ ಎರಡೂ ಡೋಸ್ ಬೀಳಬೇಕು: ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು.

ಹಳಬರಿಗೆ ಸಿಡುಬು ನೆನಪಿದ್ದರೆ ಅವರ ಬಾಯಲ್ಲೇ ಹೇಳಿಸಿ. ಮುಖದ ಮೇಲೆ ಕಲೆ ಇರುವ ಅಜ್ಜ ಇನ್ನೂ ಕೆಲವು ಊರಲ್ಲಿ ಇದ್ದಾರೆ. 1975ರ ನಂತರ ಭಾರತದಲ್ಲಿ ಸಿಡುಬು ಕಂಡಿಲ್ಲ, ಅದೂ ಲಸಿಕೆಯಿಂದಲೇ.

"ಮಕ್ಕಳಾಗದ ಹಾಗೆ ಮಾಡುವ ಮದ್ದು" ಅನ್ನುವ ಸುದ್ದಿಗೆ ಉತ್ತರ ಏನು?

ಸುಲಭದ ಉತ್ತರ ನಿಮ್ಮ ಊರಲ್ಲೇ ಓಡಾಡುತ್ತಿದೆ. ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಅವತ್ತು ಹನಿ ಹಾಕಿಸಿಕೊಂಡ ಮಕ್ಕಳೇ ಇವತ್ತು ತಮ್ಮ ಮಕ್ಕಳನ್ನು ಸೊಂಟದ ಮೇಲೆ ಎತ್ತಿಕೊಂಡು ಬೂತಿಗೆ ಬರುತ್ತಿದ್ದಾರೆ.

ಆದರೆ ಈ ಸುದ್ದಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಬಲವಂತದ ಸಂತಾನಹರಣ ಆಪರೇಷನ್ ನೋಡಿದವರು ಉತ್ತರ ಭಾರತದಲ್ಲಿ ತುಂಬಾ ಜನ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಪೋಲಿಯೊ ಹನಿಗೆ ಬಾಗಿಲು ಹಾಕಿದವರಿಗೆ ಇನ್ನೊಂದು ಪ್ರಶ್ನೆಯೂ ಇತ್ತು: ನಮ್ಮ ಓಣಿಗೆ ಚರಂಡಿ ಇಲ್ಲ, ಆಸ್ಪತ್ರೆ ಇಲ್ಲ, ಬೇರೆ ಯಾವುದಕ್ಕೂ ಬಾರದ ಸರ್ಕಾರ ಇದೊಂದನ್ನೇ ಯಾಕೆ ಮನೆಬಾಗಿಲಿಗೆ ತರುತ್ತಿದೆ? ನ್ಯಾಯವಾದ ಪ್ರಶ್ನೆ ಅಲ್ವಾ?

2002ರಲ್ಲಿ ದೇಶದಲ್ಲಿ ಸುಮಾರು 1,600 ಪೋಲಿಯೊ ಪ್ರಕರಣಗಳಿದ್ದವು, ಹೆಚ್ಚಿನವು ಉತ್ತರ ಪ್ರದೇಶದವು. ಅಲ್ಲಿ ಯುನಿಸೆಫ್ ಆಯಾ ಓಣಿಯ ಹೆಂಗಸರನ್ನೇ ಆರಿಸಿ ಮನೆಮನೆಗೆ ಕಳಿಸಿತು. ಮೌಲ್ವಿಗಳು ಮಸೀದಿಯ ಮೈಕಿನಲ್ಲಿ ಹೇಳಿದರು. 2009ರಿಂದ ಉತ್ತರ ಪ್ರದೇಶ, ಬಿಹಾರದ 107 ಬ್ಲಾಕ್‌ಗಳಲ್ಲಿ ಹನಿಯ ಜೊತೆಗೆ ಶುಚಿತ್ವ, ಬೇಧಿಗೆ ಓಆರ್‌ಎಸ್, ಜಿಂಕ್ ಕೂಡ ಬಂತು. ಆ ವರ್ಷ 741 ಪ್ರಕರಣ, ಮರುವರ್ಷ 42. 2010ರಲ್ಲಿ ಬಂದ, ಎರಡು ಬಗೆಯ ಪೋಲಿಯೊ ವೈರಸ್ ತಡೆಯುವ ಹೊಸ ಬೈವೇಲೆಂಟ್ ಹನಿಗೂ ಇದರಲ್ಲಿ ದೊಡ್ಡ ಪಾಲಿದೆ, ಎಲ್ಲ ಮಾತಿನಿಂದಲೇ ಆಯಿತು ಅಂದರೆ ಸುಳ್ಳಾಗುತ್ತದೆ. ಕೊನೆಯ ಪ್ರಕರಣ 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಅನ್ನುವ ಪ್ರಮಾಣಪತ್ರ ಸಿಕ್ಕಿತು.

ನೀವೂ ಲಸಿಕೆಗೆ ಮಾತ್ರ ಮುಖ ತೋರಿಸಬೇಡಿ. ಬೇಧಿಯಾದಾಗ ಹೋಗಿ, ಬಿಪಿ ನೋಡಿಸಲು ಅಜ್ಜನನ್ನು ಕರೆದುಕೊಂಡು ಹೋಗಿ.

ವಾಟ್ಸಾಪ್‌ನಲ್ಲಿ ಹರಿದಾಡುವ ಸುಳ್ಳಿಗೆ ಏನು ಮಾಡುವುದು?

2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆಲ್ಲ ಸೂಜಿ, ಶಾಲೆಗೆ ಹೋಗುವವರಿಗೆ ಶಾಲೆಯಲ್ಲೇ. ದಕ್ಷಿಣದ ರಾಜ್ಯಗಳಲ್ಲಿ ಆಗ ವಾಟ್ಸಾಪ್ ಸುದ್ದಿ ಲಸಿಕೆಗಿಂತ ಮೊದಲೇ ಮನೆ ತಲುಪಿತು. ನಾವು ಮೊದಲೇ ಏನೂ ಹೇಳದೆ ಜಾಗ ಖಾಲಿ ಬಿಟ್ಟದ್ದಕ್ಕೇ ಅದು ಬಂದು ಕೂತಿತು ಅನ್ನಬಹುದು. ಶಾಲೆಯಲ್ಲಿ ಲಸಿಕೆ ಇದ್ದರೆ ವಾರ ಮೊದಲೇ ತಂದೆ ತಾಯಿಯರ ಸಭೆ ಮಾಡಿ.

ಸುಳ್ಳು ಮೆಸೇಜನ್ನು 'ಇದು ಸುಳ್ಳು' ಅಂತ ಬರೆದು ನೀವೇ ಎಲ್ಲರಿಗೂ ಕಳಿಸಬೇಡಿ. ನೋಡದವರೂ ನೋಡುತ್ತಾರೆ. ನಿಮ್ಮ ಸಿಸ್ಟರ್ ಅವರದ್ದೇ ದನಿಯಲ್ಲಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಮಾಡಿಸಿ ಊರಿನ ಗುಂಪಿಗೆ ಹಾಕಿ. ದನಿ ಪರಿಚಯ ಇದ್ದರೆ ಕೇಳುತ್ತಾರೆ. ಲಸಿಕೆಯಿಂದ ಆಟಿಸಂ ಬರುತ್ತದೆ ಅನ್ನುವ ಸುದ್ದಿ ಈಗ ಹಳ್ಳಿಗೂ ಬಂದಿದೆ. ಅದರ ಮೂಲ 1998ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಲೇಖನ, ಆ ಪತ್ರಿಕೆಯೇ 2010ರಲ್ಲಿ ಅದನ್ನು ವಾಪಸ್ ಪಡೆಯಿತು.

ಯಾರು ಹೇಳಿದರೆ ಜನ ಕೇಳುತ್ತಾರೆ?

ಊರಿಂದ ಊರಿಗೆ ಬೇರೆ. ತಾಂಡಾದಲ್ಲಿ ನಾಯಕ, ಹಾಡಿಯಲ್ಲಿ ಯಜಮಾನ, ಕೆಲವು ಕಡೆ ಮಠದ ಸ್ವಾಮಿಗಳು, ಕೆಲವು ಕಡೆ ಸೂಲಗಿತ್ತಿ ಅಜ್ಜಿ. ಭಾಷೆಯನ್ನೂ ನೋಡಿ. ಲಂಬಾಣಿ ಮಾತಾಡುವ ಮನೆಗೆ ಕನ್ನಡದ ಕರಪತ್ರ ಕೊಟ್ಟರೆ ಅದು ಒಲೆ ಹಚ್ಚಲು ಬರುತ್ತದೆ ಅಷ್ಟೇ. ಎಲ್ಲಕ್ಕಿಂತ ಗಟ್ಟಿ ಮಾತು ಪಕ್ಕದ ಮನೆಯ ಸೊಸೆಯದು: "ನನ್ನ ಮಗನಿಗೂ ಜ್ವರ ಬಂದಿತ್ತು, ಎರಡು ದಿನಕ್ಕೆ ಹೋಯ್ತು."

ಇದೇನು ಹೊಸ ಉಪಾಯ ಅಲ್ಲ. ಸುಮಾರು 1805ರಲ್ಲಿ ಥಾಮಸ್ ಹಿಕಿ ಬರೆದ ಒಂದು ಚಿತ್ರದಲ್ಲಿ ಮೈಸೂರಿನ ಮೂವರು ರಾಜಮನೆತನದ ಹೆಂಗಸರಿದ್ದಾರೆ. ಅವರಲ್ಲಿ ಒಬ್ಬಳು ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಅದು ಸಿಡುಬಿನ ಲಸಿಕೆ ಹಾಕಿಸಿದ ಜಾಗ, ಪ್ರಜೆಗಳಿಗೆ ಧೈರ್ಯ ಹೇಳಲು ಬರೆಸಿದ ಚಿತ್ರ ಅನ್ನುವುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಅದು ಅವರ ಓದು, ಬೇರೆ ಅರ್ಥವೂ ಇರಬಹುದು. ನನಗಂತೂ ಆ ಸೆರಗು ಸರಿಸಿದ ಕೈ ಇಷ್ಟ.

ಡಂಗುರ, ಬೀದಿ ನಾಟಕ, ಪೋಸ್ಟರ್: ಯಾವುದು ಒಳ್ಳೆಯದು?

ದಿನ ಮತ್ತು ಜಾಗ ತಿಳಿಸಲು ಡಂಗುರ, ಪಂಚಾಯಿತಿಯ ಕಸದ ಗಾಡಿಯ ಮೈಕು ಸಾಕು. ನಾಟಕ ನೋಡಲು ಜನ ಸೇರುತ್ತಾರೆ, ಆದರೆ ಹೆದರಿದವರ ಮನಸ್ಸು ಬದಲಾಗುವುದು ಜಗುಲಿಯ ಮೇಲೆ.

ಜನರ ಅನುಮಾನವೇ ಸರಿ ಇದ್ದರೆ?

ಮಲೆನಾಡಿನವರು ಈ ಪ್ರಶ್ನೆ ಕೇಳಿದಾಗ ನಾವು ಸುಮ್ಮನೆ ತಲೆ ತಗ್ಗಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಒಂದು ಲಸಿಕೆ ಇತ್ತು. ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೂ ವರ್ಷಕ್ಕೊಮ್ಮೆ ಬೂಸ್ಟರ್. ಸೂಜಿ ಹಾಕಿಸಿದ ಕಡೆ ವಿಪರೀತ ನೋವು, ಅಡಿಕೆ ಕೊಯ್ಲಿನ ಸಮಯದಲ್ಲಿ ತೋಳು ಎತ್ತಲಾಗದಂಥ ನೋವು. 2005ರಿಂದ 2010ರವರೆಗಿನ ಮಾಹಿತಿ ನೋಡಿದ ಅಧ್ಯಯನದಲ್ಲಿ ಎರಡು ಡೋಸ್‌ಗೆ ಶೇಕಡ 62.4ರಷ್ಟು, ಬೂಸ್ಟರ್ ಸೇರಿದರೆ 82.9ರಷ್ಟು ರಕ್ಷಣೆ ಕಂಡಿತ್ತು. ಹಾಕಿಸಿಕೊಂಡವರಿಗೂ ಕಾಯಿಲೆ ಬಂದದ್ದನ್ನು ಊರವರು ಕಣ್ಣಾರೆ ನೋಡಿದ್ದರು. ಬೂಸ್ಟರ್‌ಗೆ ಜನ ಬರುವುದಿಲ್ಲ ಅಂತ ನಮ್ಮವರು ದೂರುತ್ತಿದ್ದರು. ಸಾಮರ್ಥ್ಯ ಪರೀಕ್ಷೆಯಲ್ಲಿ ನಿಲ್ಲದ ಕಾರಣ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು.

ಹೊಸ ಲಸಿಕೆಯ ಕೆಲಸ ನಡೆಯುತ್ತಿದೆ. ಅದು ಬಂದ ದಿನ ಮೊದಲ ಪ್ರಶ್ನೆ "ಆ ಹಳೇ ಸೂಜಿ ತರಾನೇನಾ ಇದೂ?" ಅಂತಲೇ ಇರುತ್ತದೆ. ಹಳೆಯದು ಅಷ್ಟು ಬಲ ಇರಲಿಲ್ಲ, ನೋವೂ ಜಾಸ್ತಿ ಇತ್ತು, ನೀವು ಹೇಳಿದ್ದು ಸರಿ ಇತ್ತು ಅಂತ ಮೊದಲು ಒಪ್ಪಿಕೊಳ್ಳಿ. ಅದನ್ನು ಬಿಟ್ಟು ಹೊಸದರ ಗುಣಗಾನ ಶುರು ಮಾಡಿದರೆ ಎದ್ದು ಹೋಗುತ್ತಾರೆ.

ಲಸಿಕೆ ನಂತರ ಮಗುವಿಗೆ ನಿಜವಾಗಲೂ ದೊಡ್ಡ ತೊಂದರೆಯಾದರೆ?

ಮೊದಲು ಆಸ್ಪತ್ರೆ, ಕೂಡಲೇ ವೈದ್ಯಾಧಿಕಾರಿಗೆ ತಿಳಿಸುವುದು. ಬಳಸಿದ ಬಾಟಲಿ ಎಸೆಯಬೇಡಿ. ಜಿಲ್ಲೆಯಲ್ಲಿ ಇದನ್ನು ತನಿಖೆ ಮಾಡುವ ಸಮಿತಿ ಇದೆ. ಆಮೇಲೆ ಆ ಮನೆಗೆ ಹೋಗಿ. ಹೋಗಲು ಕಾಲೇ ಬರುವುದಿಲ್ಲ, ಗೊತ್ತು. ಆದರೂ ಹೋಗಿ.

2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಮೂರು ಹಸುಗೂಸುಗಳು ತೀರಿಕೊಂಡವು. ಮೇಲ್ನೋಟಕ್ಕೆ ಲಸಿಕೆಯನ್ನು ಇಡುವ, ಕೊಡುವ ಕ್ರಮದಲ್ಲಿ ನಿರ್ಲಕ್ಷ್ಯ ಕಂಡಿದೆ ಅಂತ ಅಧಿಕಾರಿಗಳೇ ಹೇಳಿದ್ದರು. ಆ ಭಾಗದಲ್ಲಿ ಕೆಲಸ ಮಾಡುವವರಿಗೆ ಇದನ್ನು ಇವತ್ತಿಗೂ ಕೇಳುತ್ತಾರೆ. "ಹಾಗೇನೂ ಆಗಿಲ್ಲ" ಅಂದರೆ ನಿಮ್ಮ ಮಾತು ಅಲ್ಲಿಗೇ ಮುಗಿಯಿತು. ಆಗಿದೆ ಅನ್ನಿ. ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿ ಇರಬೇಕು, ಪುಡಿಗೆ ನೀರು ಬೆರೆಸಿದ ದಡಾರ ಲಸಿಕೆಯನ್ನು ನಾಲ್ಕು ಗಂಟೆ ಕಳೆದ ಮೇಲೆ ಬಳಸುವಂತಿಲ್ಲ ಅನ್ನುವ ನಿಯಮ ತಿಳಿಸಿ. "ಬಾಟಲಿ ಯಾವಾಗ ತೆಗೆದಿರಿ?" ಅಂತ ತಾಯಂದಿರೇ ಸಿಸ್ಟರ್‌ಗೆ ಕೇಳಬಹುದು. ಬಾಟಲಿ ಮೇಲೆ ಸಮಯ ಬರೆದಿರಬೇಕು, ಅದನ್ನು ತೋರಿಸಿ.

ರೇಷನ್ ಕಾರ್ಡ್ ನಿಲ್ಲಿಸುತ್ತೇವೆ ಅಂತ ಹೆದರಿಸಿದರೆ ಬೇಗ ಬರುತ್ತಾರಲ್ಲ?

ಒಂದು ಸಲ ಬರುತ್ತಾರೆ. ಕೋವಿಡ್ ಸಮಯದಲ್ಲಿ ಇಂಥ ಮಾತು ಕೇಳಿದವರು ಈಗ ಮಗುವಿನ ಲಸಿಕೆಗೂ ಅದೇ ಕಣ್ಣಲ್ಲಿ ನೋಡುತ್ತಾರೆ. ಬೇಡ.

ಮೂರು ಸಲ ಹೋದರೂ ಬೇಡ ಅಂದರೆ?

ನಾಲ್ಕನೇ ಸಲ ಬೇರೆಯವರನ್ನು ಕಳಿಸಿ. ಆ ಮನೆಗೂ ನಿಮಗೂ ಹಳೇ ಮುನಿಸು ಇರಬಹುದು, ಹೊಲದ ಬದುವಿನ ತಕರಾರು ಇರಬಹುದು. ಊರು ಅಂದಮೇಲೆ ಅದೆಲ್ಲ ಇದ್ದದ್ದೇ.

ತಡವಾಯಿತು ಅಂತ ಹೆಸರು ಹೊಡೆದು ಹಾಕಬೇಡಿ. ಪೆಂಟಾವೇಲೆಂಟ್ ಒಂದು ವರ್ಷದೊಳಗೆ ಶುರು ಮಾಡಬಹುದು. ದಡಾರ-ರುಬೆಲ್ಲಾ ಐದು ವರ್ಷದವರೆಗೆ, ಡಿಪಿಟಿ ಏಳು ವರ್ಷದವರೆಗೆ ಕೊಡಬಹುದು. ಅರ್ಧಕ್ಕೆ ನಿಂತಿದ್ದರೆ ಮೊದಲಿಂದ ಶುರು ಮಾಡುವುದೂ ಬೇಡ, ಎಲ್ಲಿ ನಿಂತಿದೆಯೋ ಅಲ್ಲಿಂದ ಮುಂದಕ್ಕೆ. ತಾಯಿ ಕಾರ್ಡ್ ಕಳೆದುಹೋಗಿದೆ ಅಂತ ನಾಚಿಕೆಯಿಂದ ಬಾರದವರೂ ಇದ್ದಾರೆ. ಹೊಸ ಕಾರ್ಡ್ ಬರೆದುಕೊಡುತ್ತಾರೆ, ಬೈಯುವುದಿಲ್ಲ ಅಂತ ಹೇಳಿ. ಬೈಯಬಾರದು ಅಂತ ಸಿಸ್ಟರ್‌ಗೂ ಮೊದಲೇ ಹೇಳಿಟ್ಟಿರಿ.